ವಿಕಾಸವಾದ ಬರೀ ‘ವಾದ’ವಲ್ಲ



“ಪರೀಕ್ಷೆಯಲ್ಲಿ ಡಾರ್ವಿನ್ ಬಗ್ಗೆ ಬರೆಯಿರಿ, ಮಾರ್ಕು ಬರುತ್ತದೆ. ಆದರೆ ಅದನ್ನು ನಂಬಬೇಡಿ.” ಪ್ಲಸ್ ಟು ಓದುವ ತಮ್ಮ ತಂಗಿಯರಿಗೆ ಈ ಬುದ್ಧಿಮಾತು ಹೇಳುವವರು ನಮ್ಮ ನಡುವೆ ಈಗಲೂ ಇದ್ದಾರೆ. ಮಕ್ಕಳ ವಿಶ್ವಾಸ ಕದಲಬಾರದೆಂಬ ಕಾಳಜಿಯಿಂದಲೇ ಅವರು ಹೀಗೆ ಹೇಳುತ್ತಾರೆ. ಆದರೆ ಮಕ್ಕಳು ಇದರಿಂದ ಕಲಿಯುವುದೇನು? ಶಾಲೆಗೆ ಒಂದು ಸತ್ಯ, ಚರ್ಚಿಗೆ ಇನ್ನೊಂದು ಸತ್ಯ ಎಂದು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಹಟ ಹಿಡಿದರೆ, ಬುದ್ಧಿವಂತ ಮಕ್ಕಳು ಒಂದು ದಿನ ಚರ್ಚಿನ ಬಾಗಿಲನ್ನೇ ಬಿಟ್ಟು ಹೋದಾರು. ಆದ್ದರಿಂದ ಈ ವಿಷಯವನ್ನು ನೇರವಾಗಿ ಮಾತನಾಡೋಣ.

ಅರ್ಧ ಗೊಂದಲ ಹೆಸರಿನಲ್ಲೇ ಇದೆ. ‘ವಿಕಾಸವಾದ’ ಎಂದ ಕೂಡಲೇ, ಒಬ್ಬರು ವಾದ ಮಾಡಿದ್ದಾರೆ, ಇನ್ನೊಬ್ಬರು ಪ್ರತಿವಾದ ಮಾಡಬಹುದು ಎಂದೆನಿಸುತ್ತದೆ. ವಿಜ್ಞಾನದಲ್ಲಿ ಸಿದ್ಧಾಂತದ ಅರ್ಥ ಬೇರೆ. ಮತ್ತೆ ಮತ್ತೆ ಪರೀಕ್ಷಿಸಿ ನಿಂತ ವಿವರಣೆಗೆ ಮಾತ್ರ ಆ ಹೆಸರು ಸಲ್ಲುತ್ತದೆ. ರೋಗಾಣುಗಳಿಂದ ರೋಗ ಬರುತ್ತದೆ ಎನ್ನುವುದೂ ಅಂಥದ್ದೇ ಒಂದು ಸಿದ್ಧಾಂತ.

ನಿಸರ್ಗದ ಆಯ್ಕೆ ನಡೆಯಲು ಮೂರು ಸಂಗತಿ ಸಾಕು. ಒಂದೇ ಜಾತಿಯ ಜೀವಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿರಬೇಕು. ಆ ವ್ಯತ್ಯಾಸ ತಂದೆತಾಯಿಯಿಂದ ಮರಿಗಳಿಗೆ ಬರಬೇಕು. ಮತ್ತು ಅದರಿಂದಾಗಿ ಕೆಲವು ಜೀವಿಗಳು ಹೆಚ್ಚು ಮರಿಗಳನ್ನು ಬಿಟ್ಟುಹೋಗಬೇಕು. ಇದು ಲಕ್ಷಾಂತರ ವರ್ಷಗಳ ಹಿಂದಿನ ಕಥೆ ಮಾತ್ರವಲ್ಲ, ಕಣ್ಣಾರೆ ನೋಡಿ ಅಳೆದವರಿದ್ದಾರೆ.

ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ 1973ರಲ್ಲಿ ಗ್ಯಾಲಪಗಸ್ ದ್ವೀಪಸಮೂಹದ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪದಲ್ಲಿ ಫಿಂಚ್ ಹಕ್ಕಿಗಳ ಅಧ್ಯಯನ ಆರಂಭಿಸಿದರು. ಹಕ್ಕಿಗಳ ಕಾಲಿಗೆ ಗುರುತಿನ ಬಳೆ ತೊಡಿಸಿ, ಕೊಕ್ಕನ್ನು ಅಳೆದು ಬರೆದಿಟ್ಟರು. 1977ರಲ್ಲಿ ಅಲ್ಲಿ ಭೀಕರ ಬರ ಬಂತು. ಮೆತ್ತಗಿನ ಸಣ್ಣ ಬೀಜಗಳು ಬೇಗ ಮುಗಿದವು. ಉಳಿದದ್ದು ಹೆಚ್ಚಾಗಿ ನಮ್ಮ ನೆಗ್ಗಿಲು ಮುಳ್ಳಿನ ಜಾತಿಗೇ ಸೇರಿದ ಒಂದು ಗಿಡದ ಗಟ್ಟಿ ಕಾಯಿ. ದಪ್ಪ ಕೊಕ್ಕಿನ ಹಕ್ಕಿಗಳು ಅದನ್ನು ಒಡೆದು ತಿಂದವು, ಸಣ್ಣ ಕೊಕ್ಕಿನವು ಹಸಿವಿನಿಂದ ಸತ್ತವು. ಗ್ರಾಂಟ್ ದಂಪತಿ ಗಮನಿಸುತ್ತಿದ್ದ ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಇಲ್ಲವಾದವು. ಬದುಕುಳಿದವುಗಳ ಮರಿಗಳನ್ನು ಅಳೆದಾಗ, ಬರಕ್ಕೆ ಮುಂಚಿನ ತಲೆಮಾರಿಗಿಂತ ಸರಾಸರಿ ಕೊಕ್ಕಿನ ದಪ್ಪ ಸುಮಾರು ಶೇಕಡಾ 4ರಷ್ಟು ಹೆಚ್ಚಿತ್ತು.

ಗಮನಿಸಿ, ಯಾವ ಹಕ್ಕಿಯೂ ಕಷ್ಟ ಬಂತೆಂದು ತನ್ನ ಕೊಕ್ಕನ್ನು ಬೆಳೆಸಿಕೊಳ್ಳಲಿಲ್ಲ. ದಪ್ಪ ಕೊಕ್ಕು ಬರದ ಮುಂಚೆಯೇ ಕೆಲವಕ್ಕೆ ಇತ್ತು. ಬದಲಾದದ್ದು ಇಡೀ ಗುಂಪಿನ ಸರಾಸರಿ. 1983ರಲ್ಲಿ ಎಲ್ ನಿನೊ ಮಳೆ ಧಾರಾಳವಾಗಿ ಸುರಿದು ಸಣ್ಣ ಬೀಜಗಳು ಹೆಚ್ಚಾದವು. ಮುಂದಿನ ವರ್ಷಗಳಲ್ಲಿ ಸಣ್ಣ ಕೊಕ್ಕಿನವುಗಳಿಗೇ ಮೇಲುಗೈಯಾಯಿತು. ಹಾಗಾಗಿ ‘ವಿಕಾಸ’ ಎಂದರೆ ಮೇಲಕ್ಕೇರುವ ಏಣಿ ಎಂದುಕೊಳ್ಳುವುದೂ ತಪ್ಪು.

“ಕೊಕ್ಕು ಬದಲಾದರೂ ಹಕ್ಕಿ ಹಕ್ಕಿಯೇ ತಾನೆ?” ಎಂದು ಕೇಳುವಿರಿ. ಒಳ್ಳೆಯ ಪ್ರಶ್ನೆ. ದೊಡ್ಡ ಬದಲಾವಣೆಗೆ ಸಾಕ್ಷ್ಯ ಬಂಡೆಗಳಲ್ಲಿದೆ. ಮೀನುಗಳಿಂದ ನಾಲ್ಕು ಕಾಲಿನ ಪ್ರಾಣಿಗಳು ಬಂದಿದ್ದರೆ, ಸುಮಾರು 37.5 ಕೋಟಿ ವರ್ಷ ಹಳೆಯ ಬಂಡೆಗಳಲ್ಲಿ ನಡುವಿನ ಜೀವಿ ಸಿಗಬೇಕು ಎಂದು ಲೆಕ್ಕ ಹಾಕಿದ ವಿಜ್ಞಾನಿಗಳು ಕೆನಡಾದ ಉತ್ತರ ತುದಿಯಲ್ಲಿ ವರ್ಷಗಟ್ಟಲೆ ಹುಡುಕಿದರು. 2004ರಲ್ಲಿ ಟಿಕ್ಟಾಲಿಕ್ ಸಿಕ್ಕಿತು. ಮೀನಿನಂತೆ ಹುರುಪೆ ಮತ್ತು ರೆಕ್ಕೆ, ಜೊತೆಗೆ ಕುತ್ತಿಗೆ, ರೆಕ್ಕೆಯೊಳಗೆ ತೋಳಿನಂಥ ಎಲುಬು!

ನಮ್ಮ ದೇಹದಲ್ಲೂ ಸಾಕ್ಷ್ಯವಿದೆ. ಚಿಂಪಾಂಜಿ, ಗೊರಿಲ್ಲಾಗಳಿಗೆ 48 ಕ್ರೋಮೋಸೋಮ್, ನಮಗೆ 46. ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ, ಸಾಮಾನ್ಯವಾಗಿ ತುದಿಯಲ್ಲಿರುವ ಡಿಎನ್‌ಎ ಸರಣಿ ಕಾಣಿಸುತ್ತದೆ. ಎರಡು ಕ್ರೋಮೋಸೋಮುಗಳು ಕೂಡಿ ಒಂದಾದ ಗುರುತು ಅದು. ಹಾಗೆಂದು ಇಂದಿನ ಮಂಗ ನಮ್ಮ ಅಜ್ಜನಲ್ಲ, ದೂರದ ದಾಯಾದಿ. ದೊಡ್ಡಪ್ಪನ ಮಕ್ಕಳು ಇನ್ನೂ ಇದ್ದಾರೆ ಎಂಬ ಕಾರಣಕ್ಕೆ ನಮಗಿಬ್ಬರಿಗೂ ಒಬ್ಬನೇ ಅಜ್ಜನಿರಲಿಲ್ಲ ಎನ್ನಲಾದೀತೇ?

ಇದೆಲ್ಲ ಧರ್ಮಸಭೆಗೆ ವಿರುದ್ಧವೇ? ಅನುವಂಶೀಯತೆಯ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡು 1866ರಲ್ಲಿ ಪ್ರಕಟಿಸಿದ ಗ್ರೆಗೊರ್ ಮೆಂಡೆಲ್ ಅಗಸ್ಟೀನ್ ಸಭೆಯ ಸನ್ಯಾಸಿ. ಆತ್ಮ ದೇವರ ನೇರ ಸೃಷ್ಟಿ ಎಂಬ ಬೋಧನೆಯನ್ನು ಉಳಿಸಿಕೊಂಡೇ, ಮಾನವ ದೇಹದ ಉಗಮದ ಬಗ್ಗೆ ಸಂಶೋಧನೆ, ಚರ್ಚೆ ನಡೆಯಬಹುದು ಎಂದು ಪೋಪ್ ಹನ್ನೆರಡನೇ ಪಿಯುಸ್ 1950ರಲ್ಲೇ ತಿಳಿಸಿದರು. ಇದು ಬರೀ ಊಹೆಯ ಹಂತವನ್ನು ದಾಟಿದೆ ಎಂದು 1996ರಲ್ಲಿ ಎರಡನೇ ಜಾನ್ ಪೌಲ್ ಒಪ್ಪಿದರು. ಆದಿಕಾಂಡ ನಮಗೆ ತಿಳಿಸುವುದು ಸೃಷ್ಟಿ ಯಾರದು, ಅದರಲ್ಲಿ ನಮ್ಮ ಹೊಣೆ ಏನು ಎಂಬುದನ್ನು. ಅದನ್ನು ಜೀವಶಾಸ್ತ್ರದ ಪಠ್ಯದಂತೆ ಓದಿದರೆ ಎರಡಕ್ಕೂ ಅನ್ಯಾಯ.

ಇದು ಜೀವ ಉಳಿಸುವ ವಿಷಯವೂ ಹೌದು. ಕ್ಷಯರೋಗಕ್ಕೆ ಮೊದಲ ಎರಡು ತಿಂಗಳು ಸಾಮಾನ್ಯವಾಗಿ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಡುತ್ತಾರೆ. ಕೋಟ್ಯಂತರ ರೋಗಾಣುಗಳಲ್ಲಿ ಒಂದು ಔಷಧಕ್ಕೆ ಬಗ್ಗದ ಕೆಲವು ಮೊದಲೇ ಇರಬಹುದು. ಅದೊಂದೇ ಔಷಧ ಕೊಟ್ಟರೆ ಉಳಿದವು ಸತ್ತು, ಇವು ಬೆಳೆಯುತ್ತವೆ. ಡ್ಯಾಫ್ನೆಯ ಕಥೆಯೇ ಇಲ್ಲೂ ನಡೆಯುತ್ತದೆ. ಹುಷಾರಾಯಿತೆಂದು ಮಾತ್ರೆಯನ್ನು ನಡುವೆ ಬಿಡುವವರಿಗೆ ಇದನ್ನು ಅರ್ಥವಾಗುವಂತೆ ಹೇಳಬೇಕಾದವರು ನಾವೇ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೇ. ಧರ್ಮೋಪದೇಶದ ತರಗತಿಯಲ್ಲಿ ಯಾರಾದರೂ ಡಾರ್ವಿನ್ ಹೆಸರೆತ್ತಿದರೆ ಬಾಯಿ ಮುಚ್ಚಿಸಬೇಡಿ. ಧರ್ಮಕೇಂದ್ರದಲ್ಲಿ ವಿಜ್ಞಾನ ಓದಿದವರು, ನರ್ಸಿಂಗ್ ಮಾಡಿದವರು ಎಷ್ಟೋ ಮಂದಿ ಇದ್ದಾರೆ. ಒಂದು ಭಾನುವಾರ ಪೂಜೆಯ ನಂತರ ಅವರನ್ನೂ ಗುರುಗಳನ್ನೂ ಒಟ್ಟಿಗೆ ಕೂರಿಸಿ, ಮಕ್ಕಳು ಪ್ರಶ್ನೆ ಕೇಳಲಿ. ದೇವರು ಕೊಟ್ಟ ಬುದ್ಧಿಯಿಂದ ದೇವರ ಸೃಷ್ಟಿಯನ್ನು ಅರಿಯಲು ಹೆದರಬೇಕಾಗಿಲ್ಲ.