ಗಾಜಿನ ತೊಟ್ಟಿಗೆ ಬಂಡೆಯ ಹಿನ್ನೆಲೆ

ಮೀನುಗಳ ಆಟದಿಂದ ಮನಸ್ಸಿಗೆ ಉಲ್ಲಾಸವನ್ನು ಹೊಂದುವುದು ನಮ್ಮ ನಾಡಿಗೆ ನೂತನವಾದ ಸಂಗತಿಯಲ್ಲ. ಕಲ್ಯಾಣದ ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವು ಮೀಸಲಾಗಿದೆ. ಆದರೆ ಅಲ್ಲಿಯ ವಿನೋದವು ಗಾಳ ಹಿಡಿದವನದು. ಗಾಜಿನ ತೊಟ್ಟಿಯಲ್ಲಿ ಮೀನನ್ನು ಬದುಕಿಸಿಕೊಂಡು ನೋಡುವ ವಿನೋದವಾದರೋ ಈಚಿನದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ೧೮೫೩ರಲ್ಲಿ ಮೀನುಮನೆಯೊಂದು ತೆರೆಯಲ್ಪಟ್ಟಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಹೆಸರು ಜನಜನಿತವಾಯಿತು. ಈಗ ಈ ತೊಟ್ಟಿಯನ್ನು ನಮ್ಮ ಪಟ್ಟಣಗಳ ಎಷ್ಟೋ ಮನೆಗಳ ನಡುಮನೆಯಲ್ಲಿ ಕಾಣಬಹುದು.

ನಾಲ್ಕು ಕಡೆಯೂ ಬರಿಯ ಗಾಜಿರುವ ತೊಟ್ಟಿಯಲ್ಲಿ ಮೀನಿಗೆ ಮರೆಯೆಂಬುದಿಲ್ಲ. ನೋಡುವವರಿಗೂ ಹಿಂದಿನ ಗೋಡೆ ಮತ್ತು ವಿದ್ಯುತ್ತಿನ ತಂತಿಗಳೇ ಕಣ್ಣಿಗೆ ಬೀಳುವುವು. ನಿಜವಾದ ಕಲ್ಲುಗಳನ್ನು ಪೇರಿಸೋಣವೆಂದರೆ ಭಾರದ ಪ್ರಶ್ನೆ ಬರುತ್ತದೆ. ೯೦ ಸೆಂಟಿಮೀಟರು ಉದ್ದ, ೪೫ ಅಗಲ, ೪೫ ಎತ್ತರದ ತೊಟ್ಟಿಯಲ್ಲಿ ನೀರೊಂದೇ ಸುಮಾರು ೧೮೦ ಕಿಲೋ ತೂಗುವುದು. ಅದುಕಾರಣ ಹಗುರವಾದ ಫೋಮನ್ನು ಬಂಡೆಯ ಆಕಾರಕ್ಕೆ ಕೊರೆದು, ಮೇಲೆ ಸಿಮೆಂಟನ್ನು ಬಳಿದು, ಹಿಂಭಾಗದ ಗಾಜಿಗೆ ಅಂಟಿಸುವುದು ಉತ್ತಮವಾದ ಉಪಾಯವು.

ಮೊದಲು ಸಾಮಗ್ರಿಯ ವಿಚಾರ. ಅಲಂಕಾರಕ್ಕೆಂದು ಮಾರುತ್ತಿದ್ದ ಥರ್ಮಕೋಲನ್ನು ಭಾರತ ಸರ್ಕಾರವು ೨೦೨೨ರ ಜುಲೈ ೧ರಿಂದ ನಿಷೇಧಿಸಿದೆ. ಛಾವಣಿಗೆ ಬಿಸಿಲಿನ ತಡೆಯಾಗಿ ಹಾಸುವ ಗಟ್ಟಿ ಫೋಮ್ ಹಲಗೆಯೇ ಈ ಕೆಲಸಕ್ಕೆ ಲೇಸು. ಅದರ ಕಣವು ಸಣ್ಣದಾದುದರಿಂದ ಕೊರೆದರೆ ಪುಡಿಯಾಗಿ ಉದುರುವುದಿಲ್ಲ. ಹಲಗೆಯನ್ನು ತೊಟ್ಟಿಯ ಒಳ ಅಳತೆಗಿಂತ ಒಂದು ಸೆಂಟಿಮೀಟರು ಕಡಮೆಯಾಗಿ ಕತ್ತರಿಸಬೇಕು. ಲೇಪವು ಬಿದ್ದ ಮೇಲೆ ಅದು ದಪ್ಪವಾಗುವುದೆಂಬುದನ್ನು ಮರೆಯಬಾರದು. ತೊಟ್ಟಿಯ ಬಾಯಿಗೆ ಅಡ್ಡಪಟ್ಟಿಯಿದ್ದರೆ ಎರಡು ಮೂರು ತುಂಡುಗಳಾಗಿ ಮಾಡಿಕೊಂಡು ಒಳಗೆ ಕೂಡಿಸತಕ್ಕದ್ದು. ಫಿಲ್ಟರಿನ ಕೊಳವೆಗೆ ಒಂದು ಮೂಲೆಯಲ್ಲಿ ಸ್ಥಳವನ್ನು ಬಿಡಬೇಕು. ಹೀಟರು ಫೋಮನ್ನು ಸೋಕಕೂಡದು, ಏಕೆಂದರೆ ಫೋಮು ಶಾಖಕ್ಕೆ ಕರಗುವ ಪದಾರ್ಥ. ಚಾಕುವಿನಿಂದ ಕೊರೆಯುವುದೇ ಮೇಲು. ಕಾಯಿಸಿದ ತಂತಿಯಿಂದ ಕೊಯ್ದರೆ ಕೆಟ್ಟ ಹೊಗೆ ಏಳುವುದರಿಂದ ಅದನ್ನು ಬಯಲಿನಲ್ಲಿ ಮಾತ್ರ ಮಾಡಬೇಕು. ಬಿದ್ದ ಚೂರುಗಳನ್ನು ಒಂದೂ ಬಿಡದೆ ಗುಡಿಸಿ ತೆಗೆಯಬೇಕು.

ಕೊರೆಯುವ ಮುನ್ನ ಊರ ಹೊರಗಿನ ಬಂಡೆಯೊಂದನ್ನು ಸಾವಧಾನವಾಗಿ ನೋಡಿ ಬರುವುದು ಒಳ್ಳೆಯದು. ಬಿರುಕುಗಳು ಮನಬಂದಂತೆ ಓಡುವುದಿಲ್ಲ. ಬಹುಮಟ್ಟಿಗೆ ಒಂದೇ ಓಟವನ್ನು ಅನುಸರಿಸುವುವು. ಆ ಕ್ರಮವನ್ನು ಹಿಡಿದರೆ ಕೃತಕವು ಸಹಜದಂತೆ ತೋರುವುದು. ತುಂಡಿನ ಮೇಲೆ ತುಂಡನ್ನು ಕೂರಿಸಲು ಸಿಲಿಕೋನ್ ಅಂಟನ್ನೇ ಉಪಯೋಗಿಸಬೇಕು. ಪೆಟ್ರೋಲು, ಅಸಿಟೋನು ಮೊದಲಾದ ದ್ರಾವಕಗಳು ಸೇರಿದ ಅಂಟು ಫೋಮನ್ನು ತಿಂದುಹಾಕುವುದು. ಸಿಲಿಕೋನಿನಲ್ಲಿಯೂ ಬೂಷ್ಟುನಿರೋಧಕ ಔಷಧ ಬೆರೆತದ್ದನ್ನು ಕೊಳ್ಳಬಾರದು; ಅದು ಮೀನಿಗೆ ವಿಷ.

ಇನ್ನು ಲೇಪ. ಕೈಗೆ ರಬ್ಬರಿನ ಗವಸನ್ನೂ ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಂಡೇ ಸಿಮೆಂಟನ್ನು ಮುಟ್ಟಬೇಕು, ಏಕೆಂದರೆ ಹಸಿಯ ಸಿಮೆಂಟು ಚರ್ಮವನ್ನು ಸುಡುವುದು. ಮೊದಲನೆಯ ಲೇಪವು ಬರಿಯ ಸಿಮೆಂಟಿನದಾಗಿ, ಮಜ್ಜಿಗೆಯ ಹದದಲ್ಲಿದ್ದು, ಕುಂಚದಿಂದ ಸಂದುಗೊಂದುಗಳಿಗೆಲ್ಲ ಹೋಗಬೇಕು. ಅನಂತರದ ಎರಡು ಮೂರು ಲೇಪಗಳು ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿಯಾಡಿದ ಸಣ್ಣ ಮರಳು ಸೇರಿ ದೋಸೆಯ ಹಿಟ್ಟಿನಂತಿರಲಿ. ಒಂದೊಂದು ಲೇಪಕ್ಕೂ ಒಂದು ದಿನ ಬಿಡುವು ಕೊಡಬೇಕು. ಕಡೆಯ ಲೇಪಕ್ಕೆ ಗಾರೆ ನೆಲಕ್ಕೆ ಹಾಕುವ ಕಾವಿ ಅಥವಾ ಕಪ್ಪು ಆಕ್ಸೈಡ್ ಬಣ್ಣವನ್ನು ಬೆರೆಸಬಹುದು. ಗಾಜಿಗೆ ತಗಲುವ ಹಿಂಭಾಗಕ್ಕೆ ಮಾತ್ರ ಸಿಮೆಂಟನ್ನು ಬಳಿಯಬಾರದು. ಬಳಿಕ ಒಂದು ವಾರ ಒದ್ದೆಯ ಗೋಣಿಯನ್ನು ಹೊದಿಸಿ ತೇವವಾಗಿಡಬೇಕು. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರನ್ನು ಕುಡಿಯುವುದರಿಂದ ಎಂಬುದು ಗಾರೆ ಕೆಲಸದವರೆಲ್ಲರಿಗೂ ತಿಳಿದ ಮಾತು.

ಲೇಪವು ಗಟ್ಟಿಯಾದ ಮೇಲೆ ಒಣಗಿಸಿ ಅಂಟಿಸಬೇಕು. ೮೫ ಸೆಂಟಿಮೀಟರು ಉದ್ದ, ೪೦ ಎತ್ತರ, ೫ ದಪ್ಪದ ಹಲಗೆಯು ೧೭ ಲೀಟರು ನೀರನ್ನು ಸ್ಥಳಾಂತರಿಸುವುದು. ಅಂದರೆ ನೀರು ಅದನ್ನು ೧೭ ಕಿಲೋ ಭಾರದಷ್ಟು ಬಲದಿಂದ ಮೇಲಕ್ಕೆ ನೂಕುವುದು. ಸಿಮೆಂಟು ಐದಾರು ಕಿಲೋ ತೂಗಿದರೂ ಒತ್ತಡವು ಬಹಳವೇ ಉಳಿಯುವುದು. ಆದುದರಿಂದ ಗಾಜನ್ನು ನಿರ್ಮಲವಾಗಿ ಒರೆಸಿ, ಹಿಂಭಾಗದ ತುಂಬ ಅಂಟನ್ನು ಹಾಕಿ, ಅಂಚುಗಳನ್ನು ಸುತ್ತಲೂ ಮುಚ್ಚಿ, ಹುಳಿವಾಸನೆಯು ಪೂರ್ಣವಾಗಿ ಹೋಗುವವರೆಗೆ ಮೂರು ನಾಲ್ಕು ದಿನ ಬಿಡಬೇಕು. ಅಂಚಿನಲ್ಲಿ ಸಂದು ಉಳಿದರೆ ಸಣ್ಣ ಮೀನು ಹಿಂದಕ್ಕೆ ನುಸುಳಿ, ಹೊರಬರಲಾರದೆ ಸಾಯುವುದು.

ಇಷ್ಟಾದ ಮೇಲೆ ಮಕ್ಕಳು, ಮೀನನ್ನು ಇಂದೇ ತರೋಣವೆಂದು ಹಟ ಹಿಡಿಯುವರು. ಆಗ ಗೃಹಸ್ಥನು ದೃಢಚಿತ್ತನಾಗಿರಬೇಕು. ಏಕೆಂದರೆ ಸಿಮೆಂಟು ಗಟ್ಟಿಯಾಗುವಾಗ ಅದರಲ್ಲಿ ಸುಣ್ಣವು ಹುಟ್ಟುವುದು. ಆ ಸುಣ್ಣವು ವಾರಗಟ್ಟಲೆ ನೀರಿಗೆ ಇಳಿಯುತ್ತಿರುವುದು. ಕ್ಷಾರವನ್ನು ಅಳೆಯುವ ಪಿಎಚ್ ಮಾನದಲ್ಲಿ ೭ ಎಂಬುದು ಸಮಸ್ಥಿತಿ, ಮತ್ತು ಒಂದೊಂದು ಅಂಕೆ ಏರಿದಂತೆಲ್ಲ ಕ್ಷಾರವು ಹತ್ತು ಪಟ್ಟಾಗುವುದು. ಹೊಸ ಸಿಮೆಂಟು ನೆನೆದ ನೀರು ೧೨ನ್ನು ಮುಟ್ಟಬಲ್ಲುದು. ಅಂತಹ ನೀರಿನಲ್ಲಿ ಮೀನಿನ ಕಿವಿರು ಬೆಂದುಹೋಗುವುದು. ಅಷ್ಟು ತೀಕ್ಷ್ಣವಲ್ಲದಿದ್ದರೂ ಅಪಾಯವು ತಪ್ಪಿದ್ದಲ್ಲ. ಮೀನುಗಳ ಮಲದಿಂದಾಗುವ ಅಮೋನಿಯವು ಕ್ಷಾರವು ಹೆಚ್ಚಿದಷ್ಟೂ ಹೆಚ್ಚು ವಿಷಕರವಾಗುವುದು. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿಯೇ ಇರುವುದು.

ಆದಕಾರಣ ತೊಟ್ಟಿಗೆ ನೀರು ತುಂಬಿ, ಎರಡು ಮೂರು ದಿನಗಳಿಗೊಮ್ಮೆ ಪೂರ್ತಿಯಾಗಿ ಚೆಲ್ಲಿ, ಮತ್ತೆ ತುಂಬುತ್ತ ಮೂರು ನಾಲ್ಕು ವಾರ ಕಳೆಯತಕ್ಕದ್ದು. ಪರೀಕ್ಷೆಗೆ ಗೃಹಿಣಿಯರ ಕೈಯಲ್ಲಿಯೇ ಒಂದು ಸಾಧನವಿದೆ. ಆರತಿಯ ಓಕುಳಿಗೆ ಅರಿಸಿನದ ನೀರಿನಲ್ಲಿ ಸುಣ್ಣವನ್ನು ಕದಡಿದರೆ ಕೆಂಪಾಗುವುದನ್ನು ಅವರು ದಿನವೂ ಬಲ್ಲರು. ಬಿಳಿಯ ಬಟ್ಟಲಿನಲ್ಲಿ ತೊಟ್ಟಿಯ ನೀರನ್ನು ತೆಗೆದುಕೊಂಡು ಚಿಟಿಕೆ ಅರಿಸಿನವನ್ನು ಕಲಸಿದಾಗ ಕೆಂಪೇರಿದರೆ ಸುಣ್ಣವು ಇನ್ನೂ ಬಲವಾಗಿ ಇಳಿಯುತ್ತಿದೆಯೆಂದು ತಿಳಿಯಬೇಕು. ಹಳದಿಯಾಗಿಯೇ ಉಳಿದರೂ ಅಷ್ಟಕ್ಕೆ ನಂಬಬಾರದು, ಏಕೆಂದರೆ ಅರಿಸಿನಕ್ಕೆ ಸೂಕ್ಷ್ಮವಾದ ಭೇದವು ತಿಳಿಯದು. ಮೀನಿನ ಅಂಗಡಿಯಲ್ಲಿ ಸಿಗುವ ಪಿಎಚ್ ಪರೀಕ್ಷೆಯ ದ್ರವದಿಂದ ನಲ್ಲಿಯ ನೀರನ್ನೂ, ತೊಟ್ಟಿಯಲ್ಲಿ ಒಂದು ವಾರ ನಿಂತ ನೀರನ್ನೂ ಹೋಲಿಸಬೇಕು. ಎರಡೂ ಸಮವಾಗಿದ್ದರೆ ತೊಟ್ಟಿಯು ಸಿದ್ಧವೆಂದರ್ಥ. ಆಮೇಲೆ ಫಿಲ್ಟರನ್ನು ನಡೆಯಿಸಿ, ಒಂದೆರಡು ಮೀನುಗಳನ್ನು ಮಾತ್ರ ಮೊದಲು ಬಿಟ್ಟು, ಅಮೋನಿಯವನ್ನು ಜೀರ್ಣಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳುವಷ್ಟು ಕಾಲ ಸಂಖ್ಯೆಯನ್ನು ಹೆಚ್ಚಿಸದಿರಬೇಕು. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳು ಗಡುಸು ನೀರಿನವಾದುದರಿಂದ ಈ ಬಂಡೆಗೆ ಬಹಳ ಒಗ್ಗುವುವು. ಮೆದುನೀರನ್ನು ಬಯಸುವ ಡಿಸ್ಕಸ್, ನಿಯಾನ್ ಟೆಟ್ರಾಗಳನ್ನು ಇಲ್ಲಿ ಬಿಡದಿರುವುದು ಕ್ಷೇಮ.

ನಮ್ಮ ದನವು ಹಸಿದರೆ ಕೂಗುವುದು, ನಾಯಿಯು ನೊಂದರೆ ಮುಲುಗುವುದು. ಮೀನಿಗೆ ಆ ಸೌಕರ್ಯವಿಲ್ಲ. ನೀರಿನಲ್ಲಿ ಏನು ಬೆರೆತರೂ ಅದನ್ನೇ ಉಸಿರಾಡುತ್ತ ಸುಮ್ಮನಿರಬೇಕಾದ ಪ್ರಾಣಿಯದು. ಅದರ ಪರವಾಗಿ ಒಂದು ತಿಂಗಳು ತಾಳುವ ಕರ್ತವ್ಯವು ತಂದು ಸಾಕಿದವರದು. ಆ ತಿಂಗಳು ನೀರನ್ನು ಬದಲಿಸುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಿ, ದಿನದಿನದ ಪಿಎಚ್ ಅಂಕೆಯನ್ನು ಅವರ ಕೈಯಿಂದಲೇ ಒಂದು ಪುಸ್ತಕದಲ್ಲಿ ಬರೆಯಿಸಿದರೆ, ರಸಾಯನಶಾಸ್ತ್ರದ ಒಂದು ಪಾಠವೂ ದಯೆಯ ಒಂದು ಪಾಠವೂ ಒಟ್ಟಿಗೆ ಆದಂತಾಗುವುದು.