ತಲಾಕೂ ಇಲ್ಲ, ದಾಂಪತ್ಯವೂ ಇಲ್ಲ

ಪತಿ ಕೊಲ್ಲಿಗೆ ಹೋಗಿ ಮೂರು ವರ್ಷವಾಗಿದೆ. ಮೊದಲ ವರ್ಷ ಹಣ ಬರುತ್ತಿತ್ತು, ಆಮೇಲೆ ನಿಂತಿತು, ಈಗ ಫೋನ್ ಎತ್ತುವುದೂ ಇಲ್ಲ. ತಲಾಕ್ ಕೊಡೆಂದು ಹೇಳಿ ಕಳಿಸಿದರೆ ಕೊಡುವುದಿಲ್ಲ, ಊರಿಗೆ ಬಾ ಎಂದರೆ ಬರುವುದಿಲ್ಲ. ಜಮಾಅತ್ ಬರೆದ ಪತ್ರಗಳಿಗೆ ಉತ್ತರವಿಲ್ಲ. ಕೊನೆಗೆ ಹೆಣ್ಣಿನ ತಂದೆಗೆ ಸಿಗುವ ಸಲಹೆ ಒಂದೇ: ಸಬ್ರ್ ಮಾಡಿ. ಇಂತಹ ಒಂದು ಮನೆಯಾದರೂ ಇಲ್ಲದ ಮೊಹಲ್ಲಾ ನಮ್ಮಲ್ಲಿ ವಿರಳ.

2017ರಲ್ಲಿ ಸುಪ್ರೀಮ್ ಕೋರ್ಟು ಒಂದೇ ಉಸಿರಿನ ಮೂರು ತಲಾಕನ್ನು ಅಸಿಂಧುವೆಂದಾಗ, 2019ರಲ್ಲಿ ಕೇಂದ್ರವು ಅದನ್ನು ಜೈಲು ಶಿಕ್ಷೆಯ ಅಪರಾಧವಾಗಿಸಿದಾಗ ಮುಸ್ಲಿಮ್ ಮಹಿಳೆಗಾಗಿ ಕಣ್ಣೀರಿಟ್ಟ ಟಿ.ವಿ. ಚಾನೆಲುಗಳಿಗೆ, ತಲಾಕೇ ಸಿಗದ ಈ ಮಹಿಳೆ ಕಾಣಿಸಲಿಲ್ಲ. ಆದರೆ ಅವರನ್ನು ದೂರಿ ನಾವು ಪಾರಾಗುವಂತಿಲ್ಲ. ಪತ್ನಿಯನ್ನು ನಡುವೆ ತೂಗುಬಿಡಬಾರದೆಂದು ಪವಿತ್ರ ಕುರ್‌ಆನ್ (4:129) ಆದೇಶಿಸಿರುವುದು ನಮಗೆ.

ಕೋರ್ಟಿಗೆ ಹೋಗುವುದೆಂದರೆ ಶರೀಅತನ್ನು ತೊರೆದಂತೆ ಎಂಬ ಭಾವನೆಯೇ ಇಲ್ಲಿನ ದೊಡ್ಡ ತಡೆ. 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆಯ ಹಿನ್ನೆಲೆ ಗೊತ್ತಿದ್ದರೆ ಈ ಭಾವನೆ ಉಳಿಯದು. ಹನಫೀ ಫಿಕ್ಹ್‌ನಲ್ಲಿ ದಾರಿ ಕಾಣದ ಕೆಲವು ಮಹಿಳೆಯರು ವಿವಾಹದಿಂದ ಬಿಡುಗಡೆಗಾಗಿ ಧರ್ಮವನ್ನೇ ತ್ಯಜಿಸತೊಡಗಿದಾಗ, ಮಾಲಿಕೀ ಮದ್‌ಹಬ್‌ನ ಆಧಾರದಲ್ಲಿ ಪರಿಹಾರ ಸೂಚಿಸಿದವರು ಮೌಲಾನಾ ಅಶ್ರಫ್ ಅಲಿ ಥಾನವಿ. ಕಾಯ್ದೆ ಬಂದದ್ದು ಈ ಚಿಂತನೆಯ ಬೆನ್ನಿಗೆ. ತೀರ್ಪು ನೀಡುವವರು ಮುಸ್ಲಿಮ್ ನ್ಯಾಯಾಧೀಶರೇ ಆಗಿರಬೇಕೆಂಬ ಉಲಮಾಗಳ ಬೇಡಿಕೆ ಮಾತ್ರ ಅದರಲ್ಲಿ ಸೇರಲಿಲ್ಲ. ಆ ಕೊರತೆಗಾಗಿ ಒಬ್ಬ ಹೆಣ್ಣಿನ ಆಯುಷ್ಯವನ್ನು ಒತ್ತೆಯಿಡಲು ನಮಗೇನು ಹಕ್ಕು? ಮನಸ್ಸಿಗೆ ಸಮಾಧಾನ ಬೇಕಿದ್ದವರು ಖಾಝಿಯಿಂದ ಫಸ್ಖನ್ನೂ ಮಾಡಿಸಿಕೊಳ್ಳಲಿ.

ಪತಿ ಎರಡು ವರ್ಷ ಜೀವನಾಂಶ ನೀಡದಿದ್ದರೆ, ಸಕಾರಣವಿಲ್ಲದೆ ಮೂರು ವರ್ಷ ದಾಂಪತ್ಯದ ಹೊಣೆ ನಿರ್ವಹಿಸದಿದ್ದರೆ, ನಾಲ್ಕು ವರ್ಷ ನಾಪತ್ತೆಯಾಗಿದ್ದರೆ, ಕ್ರೂರವಾಗಿ ನಡೆಸಿಕೊಂಡರೆ ಪತ್ನಿ ಈ ಕಾಯ್ದೆಯಡಿ ವಿಚ್ಛೇದನ ಕೋರಬಹುದು. ಇನ್ನೂ ಕೆಲವು ಕಾರಣಗಳಿವೆ. ಅರ್ಜಿಯನ್ನು ಕೌಟುಂಬಿಕ ನ್ಯಾಯಾಲಯದಲ್ಲಿ, ಅದಿಲ್ಲದ ಕಡೆ ಸಿವಿಲ್ ನ್ಯಾಯಾಲಯದಲ್ಲಿ ಸಲ್ಲಿಸಬೇಕು. ನಿಕಾಹ್ ದಾಖಲೆಯ ಪ್ರತಿ, ವಿಳಾಸದ ಪುರಾವೆ, ಹಣ ಬಂದ ಮತ್ತು ನಿಂತ ಬ್ಯಾಂಕ್ ಲೆಕ್ಕ, ಸಾಕ್ಷಿಗಳು ಬೇಕಾಗುತ್ತವೆ. ಪತಿಗೆ ನೋಟೀಸು ಹೋಗುತ್ತದೆ. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಯತ್ನಿಸುತ್ತದೆ, ಇದು ಎರಡೂ ಕಡೆಯ ಮಧ್ಯಸ್ಥರನ್ನು ನೇಮಿಸಿರೆಂಬ ಕುರ್‌ಆನಿನ (4:35) ನಿರ್ದೇಶಕ್ಕೆ ದೂರವಾದದ್ದೇನಲ್ಲ. ಪತಿ ನಾಪತ್ತೆಯಾಗಿದ್ದರೆ ಆತನ ವಾರಸುದಾರರ ಹೆಸರುಗಳನ್ನು ಅರ್ಜಿಯಲ್ಲಿ ನಮೂದಿಸಬೇಕು, ಅವರಿಗೂ ನೋಟೀಸು ತಲುಪಬೇಕು. ತೀರ್ಪು ಆರು ತಿಂಗಳ ಬಳಿಕವಷ್ಟೇ ಜಾರಿಗೆ ಬರುತ್ತದೆ. ವಿಚ್ಛೇದನ ಪಡೆದ ಮಾತ್ರಕ್ಕೆ ಮಹ್ರ್‌ನ ಹಕ್ಕು ನಷ್ಟವಾಗದೆಂದು ಕಾಯ್ದೆಯೇ ಹೇಳಿದೆ. ಮಹ್ರ್ ಬಿಟ್ಟುಕೊಟ್ಟರಷ್ಟೇ ಬಿಡುಗಡೆ ಎಂದು ಪಂಚಾಯಿತಿಕೆಯಲ್ಲಿ ಹೆದರಿಸುವವರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ಖುಲಾದ ವಿಷಯ ಬೇರೆ. ಸಾಬಿತ್ ಬಿನ್ ಕೈಸ್‌ರ(ರ) ಪತ್ನಿ ತೋಟವನ್ನು ಮರಳಿಸಿ ಬಿಡುಗಡೆ ಪಡೆದ ಹದೀಸ್ ನಮಗೆಲ್ಲ ಗೊತ್ತು. 2021ರಲ್ಲಿ ಕೇರಳ ಹೈಕೋರ್ಟು, ಕೋರ್ಟಿನ ಹೊರಗೆ ನಡೆದ ಖುಲಾವನ್ನು ಮಾನ್ಯಮಾಡಿ, 1972ರ ತನ್ನದೇ ತೀರ್ಪನ್ನು ಬದಿಗಿರಿಸಿತು. ಕಾಸರಗೋಡಿನ ಕಡೆ ಸಂಬಂಧ ಬೆಳೆಸುವ ನಮ್ಮ ಕರಾವಳಿಯ ಕುಟುಂಬಗಳು ಇದನ್ನು ಗಮನಿಸಬೇಕು.

ಖರ್ಚಿನ ಭಯ ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರ ನೆರವಿಗೆ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟರಾಯಿತು.

ಜಮಾಅತ್‌ಗಳಿಂದ ನಾವು ಕೇಳುವುದು ದೊಡ್ಡದೇನಲ್ಲ. ನಿಕಾಹ್ ರಿಜಿಸ್ಟರಿನ ಪ್ರತಿ ಕೇಳಿ ಬಂದ ಹೆಣ್ಣಿಗೆ, 'ಕಮಿಟಿಯಲ್ಲಿ ಮಾತಾಡಿ ಹೇಳುತ್ತೇವೆ' ಎನ್ನದೆ, ಅದೇ ದಿನ ಸಹಿ ಮತ್ತು ಮೊಹರು ಹಾಕಿ ಕೊಟ್ಟುಬಿಡಿ.