ಆಪರೇಷನ್ ಆಯ್ತಲ್ಲ, ಮತ್ಯಾಕೆ ಐಸಿಯು?

"ಆಪರೇಷನ್ ಚೆನ್ನಾಗಿ ಆಯ್ತು ಅಂದ್ರಲ್ಲ ಡಾಕ್ಟ್ರೆ, ಮತ್ತೆ ಇನ್ನೂ ಐಸಿಯುನಲ್ಲೇ ಯಾಕೆ?" ಮೆದುಳಿನ ರಕ್ತನಾಳ ಒಡೆದು ಆಸ್ಪತ್ರೆ ಸೇರಿದವರ ಮನೆಮಂದಿ ಐದನೇ ದಿನದ ಹೊತ್ತಿಗೆ ಕೇಳುವ ಪ್ರಶ್ನೆಯಿದು. ಏಳನೇ ದಿನಕ್ಕೆ ಪ್ರಶ್ನೆಯೊಳಗೆ ಸಿಟ್ಟೂ ಸೇರಿರುತ್ತದೆ. ನಿನ್ನೆ ಹೆಸರು ಹಿಡಿದು ಕರೆದ ಅಮ್ಮ ಇವತ್ತು ಮಂಕಾಗಿ ನೋಡುತ್ತಾಳೆ. ಏನೋ ಎಡವಟ್ಟಾಗಿದೆ, ಮುಚ್ಚಿಡುತ್ತಿದ್ದಾರೆ, ಇಲ್ಲವೇ ಬಿಲ್ ಬೆಳೆಸುತ್ತಿದ್ದಾರೆ ಎಂಬ ಗುಮಾನಿ ಬೆಂಚಿನಿಂದ ಬೆಂಚಿಗೆ ಹರಿದಾಡುತ್ತದೆ. ಗುಮಾನಿ ಪಡುವವರನ್ನು ದೂರುವಂತಿಲ್ಲ. ಈ ಕಾಯಿಲೆ ಹಿಡಿಯುವ ದಾರಿಯನ್ನು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ.

ಸವೆದ ಸೈಕಲ್ ಟ್ಯೂಬ್ ಒಂದು ಕಡೆ ಗುಳ್ಳೆಯಂತೆ ಉಬ್ಬುವುದನ್ನು ನೋಡಿದ್ದೀರಲ್ಲ? ಮೆದುಳಿನ ಬುಡದಲ್ಲಿ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಗೋಡೆ ತೆಳುವಾದರೆ ಅಂಥದೇ ಉಬ್ಬು ಏಳುತ್ತದೆ. ಅದು ಅನ್ಯೂರಿಸಂ. ನೂರು ಜನ ವಯಸ್ಕರಲ್ಲಿ ಸುಮಾರು 3 ಮಂದಿಯಲ್ಲಿ ಇದ್ದೀತು. ಬಹುಪಾಲು ಜನರಿಗೆ ಅದು ಕೊನೆಯವರೆಗೂ ಗೊತ್ತೇ ಆಗುವುದಿಲ್ಲ. ಬೀಡಿ ಸಿಗರೇಟು, ಹತೋಟಿಯಿಲ್ಲದ ಬಿಪಿ ಅಪಾಯವನ್ನು ಹೆಚ್ಚಿಸುತ್ತವೆ. ಒಡೆದಾಗ ಬರುವ ತಲೆನೋವು ಸಿಡಿಲಿನಂಥದು, ಕ್ಷಣದಲ್ಲೇ ತುತ್ತತುದಿಗೆ ಏರುವಂಥದು. ಒಮ್ಮೆ ಒಡೆದದ್ದು ಮತ್ತೆ ಒಡೆಯುವ ಭಯ ಮೊದಲ 24 ಗಂಟೆಗಳಲ್ಲೇ ಹೆಚ್ಚು. ಹಾಗಾಗಿ ಆದಷ್ಟು ಬೇಗ ಅದರ ಬಾಯಿ ಮುಚ್ಚುತ್ತಾರೆ. ಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕುವುದು ಒಂದು ದಾರಿ. ಅಮೆರಿಕದ ವಾಲ್ಟರ್ ಡ್ಯಾಂಡಿ 1937ರಲ್ಲಿ ಇದನ್ನು ಮೊದಲು ಮಾಡಿದರು. ತೊಡೆಸಂದಿನಿಂದಲೋ ಮಣಿಕಟ್ಟಿನಿಂದಲೋ ತೆಳು ಕೊಳವೆ ತೂರಿಸಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವುದು 1990ರ ದಶಕದಲ್ಲಿ ಬಂದ ಇನ್ನೊಂದು ದಾರಿ. ಯಾರಿಗೆ ಯಾವುದು ಎನ್ನುವುದು ಉಬ್ಬಿನ ಜಾಗ, ಆಕಾರಗಳ ಮೇಲೆ ನಿಂತಿದೆ.

ಇಷ್ಟಾದರೆ ತೂತು ಮುಚ್ಚಿತು. ಚೆಲ್ಲಿದ ರಕ್ತ ಮಾತ್ರ ಮೆದುಳಿನ ಸುತ್ತ ಹಾಗೇ ಇದೆ. ಮುಂದಿನ ಎರಡು ವಾರದ ಕಾವಲೆಲ್ಲ ಅದಕ್ಕಾಗಿ.

ಆ ರಕ್ತ ಕರಗುತ್ತಾ ಹೋದಂತೆ ಅದರಿಂದ ಹೊರಬರುವ ಪದಾರ್ಥಗಳು ಹತ್ತಿರದ ರಕ್ತನಾಳಗಳನ್ನು ಕೆಣಕುತ್ತವೆ. ನಾಳಗಳು ಸೆಟೆದು ಕಿರಿದಾಗುತ್ತವೆ. ವೈದ್ಯರ ಬಾಯಲ್ಲಿ ಇದು 'ಸ್ಪಾಸಂ'. ಸುಮಾರು ನಾಲ್ಕನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಇದರ ಕಾಲ. ಎಲ್ಲರಿಗೂ ತೊಂದರೆ ಆಗುವುದಿಲ್ಲ, ಆದವರಿಗೆ ಮೆದುಳಿನ ಒಂದು ಭಾಗಕ್ಕೆ ರಕ್ತ ಸಾಲದೆ ಮಾತು ತೊದಲಬಹುದು, ಕೈ ಸೋಲಬಹುದು. ಮೂರನೇ ದಿನ ಚೆನ್ನಾಗಿದ್ದವರು ಏಳನೇ ದಿನ ಮಂಕಾದರೆ ಆಪರೇಷನ್ ಕೆಟ್ಟಿತೆಂದು ತೀರ್ಮಾನಿಸಬೇಕಿಲ್ಲ. ತಡಮಾಡದೆ ಕಾರಣ ಹುಡುಕಬೇಕು, ಅಷ್ಟೇ. ಸ್ಪಾಸಂ ಇರಬಹುದು, ಮೆದುಳಿನ ನೀರು ಕಟ್ಟಿಕೊಂಡಿರಬಹುದು, ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಬಿಪಿಗೆ ಉಪ್ಪು ಬಿಡಿ ಎಂದು ಜೀವಮಾನವೆಲ್ಲ ಕೇಳಿದವರಿಗೆ, ಸೋಡಿಯಂ ಇಳಿದಾಗ ಇಲ್ಲಿ ಡ್ರಿಪ್‌ನಲ್ಲಿ ಉಪ್ಪು ಏರಿಸುತ್ತಾರೆಂದರೆ ವಿಚಿತ್ರ ಅನ್ನಿಸುತ್ತದೆ.

ನರ್ಸ್ ಗಂಟೆಗೊಮ್ಮೆ ಬಂದು "ಹೆಸರೇನು? ಇದು ಯಾವ ಊರು? ಕೈ ಎತ್ತಿ" ಎನ್ನುವುದು ಇದಕ್ಕೇ. ನಿದ್ದೆ ಕೆಡಿಸುತ್ತಾರೆಂದು ಬೇಸರಪಡುತ್ತೇವೆ. ಆದರೆ ಮೆದುಳಿನಲ್ಲಿ ಆಗುವ ಬದಲಾವಣೆ ಎಷ್ಟೋ ಸಲ ಮೊದಲು ಕಾಣುವುದು ಆ ಉತ್ತರಗಳಲ್ಲೇ, ಸ್ಕ್ಯಾನ್ ಬರುವುದು ಆಮೇಲೆ. ಇಂಗ್ಲಿಷ್ ನಟಿ ಎಮಿಲಿಯಾ ಕ್ಲಾರ್ಕ್ ಅವರಿಗೆ 2011ರಲ್ಲಿ, 24ರ ಪ್ರಾಯದಲ್ಲಿ, ಅನ್ಯೂರಿಸಂ ಒಡೆದಿತ್ತು. ಆಪರೇಷನ್ ಆಗಿ ಎರಡು ವಾರದ ಮೇಲೆ ನರ್ಸ್ ಹೆಸರು ಕೇಳಿದಾಗ ತನ್ನ ಹೆಸರೇ ಬಾಯಿಗೆ ಬರಲಿಲ್ಲ, ಬಂದದ್ದು ಅರ್ಥವಿಲ್ಲದ ಶಬ್ದಗಳು ಎಂದು ಅವರೇ 2019ರಲ್ಲಿ ಬರೆದುಕೊಂಡರು. ಸುಮಾರು ಒಂದು ವಾರದಲ್ಲಿ ಮಾತು ಮರಳಿತು, ನಟನೆಗೂ ಮರಳಿದರು. ಎಲ್ಲರಿಗೂ ಹೀಗೇ ಆಗುತ್ತದೆನ್ನಲಾಗದು. ಒಡೆದವರಲ್ಲಿ ಸುಮಾರು ಮೂರರಲ್ಲೊಬ್ಬರು ಉಳಿಯುವುದಿಲ್ಲ ಎನ್ನುವುದೂ ನಿಜ.

ಸ್ಪಾಸಂ ಕಾಲದ ಹಾನಿ ತಗ್ಗಿಸಲು ನಿಮೋಡಿಪಿನ್ ಎಂಬ ಮಾತ್ರೆಯನ್ನು ಸಾಮಾನ್ಯವಾಗಿ ನಾಲ್ಕು ಗಂಟೆಗೊಮ್ಮೆ, 21 ದಿನ ಕೊಡುತ್ತಾರೆ, ನಡುರಾತ್ರಿಯದನ್ನೂ ಬಿಡುವುದಿಲ್ಲ. ಕೆಲವೊಮ್ಮೆ 21 ದಿನ ತುಂಬುವ ಮೊದಲೇ ಮನೆಗೆ ಕಳಿಸುತ್ತಾರೆ. ಆಗ ರಾತ್ರಿ ಎರಡಕ್ಕೆ ಅಲಾರಂ ಇಡುವ ಕೆಲಸ ಮಗಳದೋ ಸೊಸೆಯದೋ ಆಗುತ್ತದೆ (ಗಂಡುಮಕ್ಕಳ ಫೋನಿನಲ್ಲೂ ಅಲಾರಂ ಇದೆ). ತಲೆಯಿಂದ ನೀರು ತೆಗೆಯುವ ಕೊಳವೆ ಹಾಕಿದ್ದರೆ ಇನ್ನೊಂದು ಎಚ್ಚರ: ಅದರ ಎತ್ತರವನ್ನು ಕಿವಿಯ ಮಟ್ಟಕ್ಕೆ ಅಳೆದು ಇಟ್ಟಿರುತ್ತಾರೆ. "ಸ್ವಲ್ಪ ತಲೆ ಎತ್ತರ ಮಾಡೋ ಮಗಾ" ಎಂದು ರೋಗಿ ಕೇಳಿದಾಗ ನೀವೇ ಮಂಚ ತಿರುಗಿಸಿದರೆ ನೀರು ಹೆಚ್ಚೋ ಕಡಿಮೆಯೋ ಹರಿದುಬಿಡುತ್ತದೆ. ನರ್ಸ್ ಕರೆಯಿರಿ.

ಮನೆಗೆ ಬಂದ ಮೇಲೆ ಕಾಡುವುದು ಸುಸ್ತು. ಸ್ನಾನ ಮಾಡಿ ಬಂದರೆ ಮಲಗಬೇಕು. ಟಿವಿ ಸದ್ದು, ಟ್ಯೂಬ್‌ಲೈಟ್ ಬೆಳಕು ಸಹಿಸಲಾಗದು. ಹಾಲಿನ ಲೆಕ್ಕ ತಪ್ಪುತ್ತದೆ, ಸಣ್ಣ ಮಾತಿಗೆ ಅಳು. ತಿಂಗಳುಗಟ್ಟಲೆ ಹೀಗೆ ನಡೆಯಬಹುದು. ಹೊರಗೆ ಗಾಯ ಕಾಣದ್ದರಿಂದ "ಈಗ ಆರಾಮಾಗಿದಾರಲ್ಲ" ಎನ್ನುವವರೇ ಎಲ್ಲ. ಹಣ್ಣು ಹಿಡಿದು ನೋಡಲು ಬರುವ ನೆಂಟರಿಗೆ ಹತ್ತು ನಿಮಿಷ ಸಾಕೆಂದು ಹೇಳುವುದು ನಮ್ಮಲ್ಲಿ ಮರ್ಯಾದೆಗೇಡು ಅನ್ನಿಸುತ್ತದೆ. ಆದರೂ ಬಾಗಿಲಲ್ಲೇ ಯಾರಾದರೊಬ್ಬರು ಹೇಳಿಬಿಡುವುದು ವಾಸಿ.

ಆದರೆ ಎಲ್ಲ ಮಂಕನ್ನೂ ಸುಸ್ತಿನ ಲೆಕ್ಕಕ್ಕೆ ಹಾಕಬೇಡಿ. ಸುಸ್ತು ಸಂಜೆಗೆ ಏರಿ, ನಿದ್ದೆ ಮಾಡಿದರೆ ಇಳಿಯುತ್ತದೆ. ಮೆದುಳಿನ ನೀರು ವಾರಗಳ ನಂತರವೂ ಮತ್ತೆ ಕಟ್ಟಿಕೊಳ್ಳುವುದುಂಟು. ಆಗ ದಿನದಿಂದ ದಿನಕ್ಕೆ ತೂಕಡಿಕೆ ಹೆಚ್ಚುತ್ತದೆ, ನಡೆಯುವಾಗ ಪಾದ ನೆಲಕ್ಕೆ ಅಂಟಿದಂತೆ ಆಗುತ್ತದೆ, ಮೂತ್ರ ತಿಳಿಯದೆ ಹೋಗುತ್ತದೆ, ಬೆಳಗಿನ ತಲೆನೋವು, ವಾಂತಿ ಬರಬಹುದು. ಇವು ಕಂಡರೆ ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೆ ಕಾಯದೆ, ಡಿಸ್ಚಾರ್ಜ್ ಸಮ್ಮರಿ ಹಿಡಿದು ಅವತ್ತೇ ಆಸ್ಪತ್ರೆಗೆ ಹೊರಡಿ.